ಕೈಗಡಿಯಾರ ಹೇಳಿದ ನಿದ್ದೆ

ಬೆಳಗಾಗುತ್ತಲೇ ನಮ್ಮ ಮನೆಗಳಲ್ಲಿ ಹಿರಿಯರು ಕಿರಿಯರನ್ನೂ ಕಿರಿಯರು ಹಿರಿಯರನ್ನೂ ಕೇಳುತ್ತಿದ್ದ ಮೊದಲ ಮಾತು ‘ರಾತ್ರಿ ನಿದ್ದೆ ಚೆನ್ನಾಗಿ ಬಂತೇ?’ ಎಂಬುದು. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಮಲಗಿ ಎದ್ದವರಿಗೆ ಮಾತ್ರ ಇತ್ತು. ಇಂದು ಆ ಅಧಿಕಾರವನ್ನು ಮಣಿಕಟ್ಟಿನ ಪಟ್ಟಿಗೋ ಬೆರಳಿನ ಉಂಗುರಕ್ಕೋ ವಹಿಸಿಕೊಡುವವರು ಹೆಚ್ಚುತ್ತಿದ್ದಾರೆ. ನೀವು ಎಷ್ಟು ಗಂಟೆ ಎಷ್ಟು ನಿಮಿಷ ನಿದ್ರಿಸಿದಿರಿ, ಅದರಲ್ಲಿ ಗಾಢನಿದ್ರೆ ಎಷ್ಟು, ಕನಸಿನ ನಿದ್ರೆ ಎಷ್ಟು, ನೂರಕ್ಕೆ ನಿಮಗೆ ಎಷ್ಟು ಅಂಕ ಎಂಬುದನ್ನೆಲ್ಲ ಅದು ಮೊಬೈಲ್ ಫೋನಿನ ಪರದೆಯ ಮೇಲೆ ಮೂಡಿಸುತ್ತದೆ. ಈ ಅಂಕಗಳನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು? ಯಂತ್ರದ ಮಾತಿಗೂ ಮನುಷ್ಯನ ಮಾತಿಗೂ ಭೇದ ಬಂದಾಗ ಯಾವುದನ್ನು ಹಿಡಿಯಬೇಕು? ಮೇಲ್ನೋಟಕ್ಕೆ ಇದು ತಂತ್ರಜ್ಞಾನದ ಪ್ರಶ್ನೆ. ಆದರೆ ಇದರೊಳಗೆ ಸತ್ಯದ ಪ್ರಶ್ನೆಯೂ ಪ್ರೀತಿಯ ಪ್ರಶ್ನೆಯೂ ಅಡಗಿವೆ ಎಂಬುದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ನಮ್ಮ ಧರ್ಮಕೇಂದ್ರದಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದಾರೆ. ಊರಿಗೆಲ್ಲ ಅವರು ‘ಮೇಷ್ಟ್ರು’. ಅವರ ಪತ್ನಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಐದಾರು ತಿಂಗಳಾಗಿದ್ದಾಗ, ಪರದೇಶದಲ್ಲಿ ದುಡಿಯುವ ಮಗ ರಜೆಯಲ್ಲಿ ಬಂದು ತಂದೆಗೊಂದು ಸ್ಮಾರ್ಟ್ ವಾಚ್ ಕಟ್ಟಿ ಹೋದ. ಅದರ ಖಾತೆಯನ್ನು ತೆರೆದುಕೊಟ್ಟವನೂ ಅವನೇ. ಆದ್ದರಿಂದ ತಂದೆಯ ಹೆಜ್ಜೆ, ನಾಡಿಮಿಡಿತ, ನಿದ್ರೆ ಎಲ್ಲವನ್ನೂ ಅಲ್ಲಿಂದಲೇ ನೋಡಬಲ್ಲವನಾಗಿದ್ದ. ವಾರಕ್ಕೊಮ್ಮೆ ಫೋನು ಮಾಡಿದಾಗ, ‘ಅಪ್ಪ, ನೀವು ಚೆನ್ನಾಗಿ ನಿದ್ದೆ ಮಾಡುತ್ತಿದ್ದೀರಿ, ಅದನ್ನು ನೋಡಿ ನನಗೆ ನೆಮ್ಮದಿ’ ಎನ್ನುತ್ತಿದ್ದ. ಮೇಷ್ಟ್ರು ಮರುಮಾತಾಡುತ್ತಿರಲಿಲ್ಲ.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವರು ನನ್ನ ಬಳಿ ಬಂದು, ‘ಫಾದರ್, ರಾತ್ರಿಯೆಲ್ಲ ನಿದ್ದೆಯೇ ಇಲ್ಲ’ ಎಂದರು. ನನಗೆ ಅವಸರ, ಎರಡನೆಯ ಪೂಜೆಗೆ ಹೊರಡಬೇಕಿತ್ತು. ‘ಎಲ್ಲಿ ಮೇಷ್ಟ್ರೇ, ನಿಮ್ಮ ಗಡಿಯಾರ ಏನು ಹೇಳುತ್ತದೆ ನೋಡೋಣ’ ಎಂದು ನಗುತ್ತಾ ಕೇಳಿದೆ. ಅವರು ಫೋನು ತೆಗೆದು ತೋರಿಸಿದರು. 7 ಗಂಟೆ 12 ನಿಮಿಷ ನಿದ್ರೆ, ನಡುವೆ ಎರಡು ಬಾರಿ ಅಲ್ಪಕಾಲದ ಎಚ್ಚರ ಎಂದಿತ್ತು. ‘ನನಗಿಂತ ನೀವೇ ಪುಣ್ಯವಂತರು’ ಎಂದು ಬೆನ್ನು ತಟ್ಟಿ ಹೊರಟುಬಿಟ್ಟೆ. ಎರಡು ವಾರಗಳ ನಂತರ ಅವರು ದೇವಾಲಯದ ಮೆಟ್ಟಿಲ ಮೇಲೆ ತಲೆಸುತ್ತಿ ಕುಸಿದರು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ರಾತ್ರಿಗಳಿಂದ ನಿದ್ದೆ ಮಾಡಿಲ್ಲ?’ ಎಂಬುದು.

ಆಗ ನಿಜಸಂಗತಿ ಹೊರಬಂತು. ಮೇಷ್ಟ್ರು ಪತ್ನಿಯ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಎರಡು ಬಾರಿ ಎದ್ದು ಆಕೆಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಉಳಿದ ಹೊತ್ತೆಲ್ಲ ಆಕೆಯ ಉಸಿರಾಟವನ್ನೇ ಆಲಿಸುತ್ತಾ, ತಾವು ಹೊರಳಿದರೆ ಆಕೆಗೆ ಎಚ್ಚರವಾದೀತೆಂದು ಕೈಕಾಲು ಅಲುಗಿಸದೆ ಕತ್ತಲಲ್ಲಿ ಕಣ್ಣು ತೆರೆದುಕೊಂಡು ಮಲಗಿರುತ್ತಿದ್ದರು. ಆ ಜಾಗರಣೆಯನ್ನು ಗಡಿಯಾರ ‘ನಿದ್ರೆ’ ಎಂದು ಬರೆದುಕೊಂಡಿತ್ತು. ಮಗ ಅದನ್ನು ನಂಬಿದ. ನಾನೂ ನಂಬಿದೆ.

ಯಂತ್ರ ಅಳೆಯುವುದೇನು?

ಗಡಿಯಾರವೇಕೆ ಹೀಗೆ ಬರೆದುಕೊಂಡಿತು? ನಿದ್ರೆ ಮೂಲತಃ ಮಿದುಳಿನ ಸ್ಥಿತಿ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದರು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಅವರು, ನಿದ್ರೆಯ ನಡುವೆ ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗಳು ವೇಗವಾಗಿ ಚಲಿಸುವ ಘಟ್ಟವೊಂದಿದೆಯೆಂದೂ ಅದು ಕನಸಿಗೆ ಸಂಬಂಧಿಸಿದೆಯೆಂದೂ ತೋರಿಸಿಕೊಟ್ಟರು. ಅಂದಿನಿಂದ ನಿದ್ರೆಯನ್ನು ಸರಿಯಾಗಿ ಅಳೆಯಬೇಕಾದರೆ ಮಿದುಳಿನ ಅಲೆ, ಕಣ್ಣಿನ ಚಲನೆ ಹಾಗೂ ಗಲ್ಲದ ಸ್ನಾಯುವಿನ ಬಿಗಿತ ಈ ಮೂರನ್ನೂ ಒಟ್ಟಿಗೆ ನೋಡಬೇಕೆಂಬ ಕ್ರಮ ಬೆಳೆದುಬಂತು. ಪಾಲಿಸಾಮ್ನೋಗ್ರಫಿ ಎಂದು ಕರೆಯಲಾಗುವ ಈ ಪರೀಕ್ಷೆಯಲ್ಲಿ ಉಸಿರಾಟ, ಹೃದಯಬಡಿತ, ರಕ್ತದ ಆಮ್ಲಜನಕವೂ ದಾಖಲಾಗುತ್ತವೆ. ಇಡೀ ರಾತ್ರಿಯನ್ನು 30 ಸೆಕೆಂಡುಗಳ ತುಣುಕುಗಳಾಗಿ ವಿಂಗಡಿಸಿ ಪ್ರತಿ ತುಣುಕಿಗೂ ಎಚ್ಚರವೋ ನಿದ್ರೆಯೋ, ನಿದ್ರೆಯಾದರೆ ಯಾವ ಹಂತವೋ ಎಂದು ನಿರ್ಧರಿಸುತ್ತಾರೆ. ಎಂಟು ಗಂಟೆಯ ರಾತ್ರಿಗೆ ಇಂಥ 960 ತುಣುಕುಗಳು.

ಮಣಿಕಟ್ಟಿನ ಸಾಧನಕ್ಕೆ ಮಿದುಳಿನ ಸಂಪರ್ಕವೇ ಇಲ್ಲ. ಅದರಲ್ಲಿ ಮುಖ್ಯವಾಗಿ ಎರಡು ಇಂದ್ರಿಯಗಳುಂಟು. ಕೈ ಅಲುಗಿತೇ ಇಲ್ಲವೇ ಎಂದು ತಿಳಿಯುವ ಚಲನಸಂವೇದಕ ಒಂದು. ಚರ್ಮದ ಮೇಲೆ ಹಸಿರು ಬೆಳಕು ಚೆಲ್ಲಿ, ಹಿಂದಿರುಗುವ ಬೆಳಕಿನ ಏರಿಳಿತದಿಂದ ನಾಡಿಮಿಡಿತವನ್ನು ಎಣಿಸುವ ಸಾಧನ ಇನ್ನೊಂದು. ಕೈ ಅಲುಗದೆ, ನಾಡಿ ನಿಧಾನವಾಗಿದ್ದರೆ ‘ನಿದ್ರೆ’ ಎಂದು ಅದು ಊಹಿಸುತ್ತದೆ. ನಾಡಿಮಿಡಿತಗಳ ನಡುವಣ ಅಂತರದ ವ್ಯತ್ಯಾಸದಿಂದ ಗಾಢನಿದ್ರೆ, ಕನಸಿನ ನಿದ್ರೆ ಎಂದು ಹಂತಗಳನ್ನೂ ಊಹಿಸುತ್ತದೆ. ಮನೆಯ ಹೊರಗಿನ ವಿದ್ಯುತ್ ಮೀಟರನ್ನು ನೋಡುತ್ತಾ ನಿಂತವನು ಒಳಗಿರುವವರು ಅಡುಗೆ ಮಾಡುತ್ತಿದ್ದಾರೋ, ಬಟ್ಟೆ ಇಸ್ತ್ರಿ ಮಾಡುತ್ತಿದ್ದಾರೋ ಎಂದು ಹೇಳಿದಂತೆ ಇದು. ಅನುಭವಸ್ಥನಾದರೆ ಬಹಳ ಬಾರಿ ಅವನ ಊಹೆ ಸರಿಯಿದ್ದೀತು. ಆದರೂ ಅವನು ಮನೆಯೊಳಕ್ಕೆ ಹೋಗಿ ನೋಡಿದವನಲ್ಲ.

ಹಾಗಾದರೆ ಊಹೆ ಎಷ್ಟು ಸರಿ? ಅಮೆರಿಕದ ನೌಕಾಪಡೆಯ ಆರೋಗ್ಯ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸಹಭಾಗಿಗಳಾಗಿದ್ದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾರುಕಟ್ಟೆಯ ಏಳು ಸಾಧನಗಳನ್ನು 34 ಆರೋಗ್ಯವಂತ ಯುವಜನರ ಮೇಲೆ ಪಾಲಿಸಾಮ್ನೋಗ್ರಫಿಯೊಡನೆ ಹೋಲಿಸಿ ನೋಡಲಾಯಿತು. ನಿದ್ರೆಯ ತುಣುಕುಗಳಲ್ಲಿ ನೂರಕ್ಕೆ 93 ಅಥವಾ ಅದಕ್ಕಿಂತ ಹೆಚ್ಚನ್ನು ಎಲ್ಲ ಸಾಧನಗಳೂ ‘ನಿದ್ರೆ’ ಎಂದು ಸರಿಯಾಗಿಯೇ ಗುರುತಿಸಿದವು. ಆದರೆ ಎಚ್ಚರದ ತುಣುಕುಗಳಲ್ಲಿ ‘ಎಚ್ಚರ’ ಎಂದು ಗುರುತಿಸಿದ್ದು ನೂರಕ್ಕೆ 18ರಿಂದ 54 ಮಾತ್ರ. ನಿದ್ರೆಯ ಹಂತಗಳ ವಿಷಯದಲ್ಲಿ ಫಲಿತಾಂಶ ಒಂದೇ ತೆರನಾಗಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿದ್ರೆ ಕೆಟ್ಟ ರಾತ್ರಿಗಳಲ್ಲಿ ಸಾಧನಗಳು ಇನ್ನಷ್ಟು ಎಡವುತ್ತಿದ್ದವು. ಅಂದರೆ ಯಾರಿಗೆ ಸರಿಯಾದ ಮಾಹಿತಿ ಹೆಚ್ಚು ಅಗತ್ಯವೋ ಅವರ ವಿಷಯದಲ್ಲಿಯೇ ಯಂತ್ರ ಹೆಚ್ಚು ತಪ್ಪುತ್ತದೆ.

ಇಲ್ಲೊಂದು ಚಿಕ್ಕ ಲೆಕ್ಕವನ್ನು ಗಮನಿಸಿ. ಒಬ್ಬನು ಎಂಟು ಗಂಟೆ ಹಾಸಿಗೆಯಲ್ಲಿದ್ದು ಏಳು ಗಂಟೆ ನಿದ್ರಿಸಿ ಒಂದು ಗಂಟೆ ಎಚ್ಚರವಾಗಿದ್ದನೆನ್ನೋಣ. ಯಾವುದನ್ನೂ ಅಳೆಯದೆ ರಾತ್ರಿಯಿಡೀ ‘ನಿದ್ರೆ, ನಿದ್ರೆ’ ಎಂದಷ್ಟೇ ಹೇಳುವ ಪೆದ್ದು ಯಂತ್ರವೊಂದನ್ನು ಅವನ ಕೈಗೆ ಕಟ್ಟಿದರೂ ಅದರ ಮಾತು 480 ನಿಮಿಷಗಳಲ್ಲಿ 420 ನಿಮಿಷ ಸರಿಯಾಗಿರುತ್ತದೆ; ನೂರಕ್ಕೆ 87.5 ಅಂಕ ಅದಕ್ಕೆ ದೊರೆಯುತ್ತದೆ! ಆದ್ದರಿಂದ ‘ನಮ್ಮ ಸಾಧನ ನೂರಕ್ಕೆ ಇಷ್ಟು ನಿಖರ’ ಎಂಬ ಜಾಹೀರಾತನ್ನು ಓದಿದಾಗ, ಎಚ್ಚರವನ್ನು ಅದು ಎಷ್ಟು ಗುರುತಿಸುತ್ತದೆ ಎಂದು ಮರುಪ್ರಶ್ನೆ ಹಾಕುವುದು ವಿವೇಕ. ಮೇಷ್ಟ್ರ ಗಡಿಯಾರ ಕೆಟ್ಟಿರಲಿಲ್ಲ. ತನಗೆ ತಿಳಿದಷ್ಟನ್ನು ಅದು ಹೇಳಿತ್ತು. ನೋವನ್ನು ನುಂಗಿ ಅಲುಗದೆ ಮಲಗಿರುವ ಪ್ರೀತಿಯನ್ನು ಗುರುತಿಸುವ ಸಂವೇದಕ ಅದರಲ್ಲಿರಲಿಲ್ಲ, ಅಷ್ಟೆ.

ಸೂಕ್ಷ್ಮತೆ ಬೇರೆ, ಸತ್ಯ ಬೇರೆ

ಹಾಗಾದರೆ ತಪ್ಪಿದ್ದು ಎಲ್ಲಿ? ‘ಸುಮಾರು ಏಳು ಗಂಟೆ ಇರಬಹುದು’ ಎಂದು ಯಾರಾದರೂ ಹೇಳಿದ್ದರೆ ನಾನು ಮೇಷ್ಟ್ರ ಮುಖವನ್ನೊಮ್ಮೆ ನೋಡಿರುತ್ತಿದ್ದೆ. ‘7 ಗಂಟೆ 12 ನಿಮಿಷ’ ಎಂಬುದನ್ನು ಕಂಡಾಗ ಮುಖ ನೋಡುವ ಅಗತ್ಯವೇ ತೋರಲಿಲ್ಲ. ಆ ಹನ್ನೆರಡು ನಿಮಿಷ ನನ್ನನ್ನು ಮೋಸಗೊಳಿಸಿತು. ಸೆಕೆಂಡಿನ ಮುಳ್ಳೂ ಇರುವ, ಆದರೆ ಹತ್ತು ನಿಮಿಷ ಮುಂದೆ ಓಡುವ ಗಡಿಯಾರವನ್ನು ನೆನೆಯಿರಿ. ಅದು ಸೂಕ್ಷ್ಮವಾಗಿದೆ, ಆದರೆ ಸರಿಯಾಗಿಲ್ಲ. ಸೂಕ್ಷ್ಮವಾಗಿ ಹೇಳಿದ್ದೆಲ್ಲ ಸತ್ಯವೆಂದು ಭಾವಿಸುವುದು ನಮ್ಮ ಕಾಲದ ದೊಡ್ಡ ಭ್ರಮೆಗಳಲ್ಲಿ ಒಂದು.

ಗುರುಮಠದಲ್ಲಿ ನಾವು ತತ್ವಶಾಸ್ತ್ರ ಕಲಿಯುವಾಗ ಅರಿಸ್ಟಾಟಲನ ನೀತಿಶಾಸ್ತ್ರದ ಆರಂಭದ ಪುಟಗಳಲ್ಲಿ ಒಂದು ಎಚ್ಚರಿಕೆಯನ್ನು ಓದಿದ್ದೆವು. ಎಲ್ಲ ವಿಷಯಗಳಲ್ಲಿಯೂ ಒಂದೇ ಪ್ರಮಾಣದ ನಿಖರತೆಯನ್ನು ಬೇಡುವುದು ಸಲ್ಲದು, ವಿಷಯದ ಸ್ವಭಾವಕ್ಕೆ ತಕ್ಕಷ್ಟನ್ನೇ ಅಪೇಕ್ಷಿಸಬೇಕು ಎಂಬುದು ಅದರ ಸಾರಾಂಶ. ನಿದ್ರೆ ಅಂಥದ್ದೊಂದು ವಿಷಯ. ಪ್ರಯೋಗಾಲಯದ ಒಂದೇ ದಾಖಲೆಯನ್ನು ನೋಡಿ ಹಂತಗಳನ್ನು ಗುರುತಿಸುವ ಪರಿಣತರಲ್ಲಿ ಸಹ ಒಮ್ಮತ ಕಂಡುಬರುವುದು ನೂರಕ್ಕೆ ಸುಮಾರು 83 ತುಣುಕುಗಳಲ್ಲಿ ಎಂದು 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರಿಶೀಲನೆಯೊಂದು ತೋರಿಸಿತು. ಎಚ್ಚರಕ್ಕೂ ನಿದ್ರೆಗೂ ನಡುವೆ ಪ್ರಕೃತಿ ಹೊಲದ ಬದುವಿನಂತೆ ಸ್ಪಷ್ಟವಾದ ಗೆರೆ ಎಳೆದಿಲ್ಲ. ಪ್ರಕೃತಿ ಎಳೆಯದ ಗೆರೆಯನ್ನು ಯಂತ್ರ ನಿಮಿಷದ ಲೆಕ್ಕದಲ್ಲಿ ಎಳೆದಾಗ ನಾವು ಸ್ವಲ್ಪ ಅನುಮಾನಿಸುವುದು ಅವಿಶ್ವಾಸವಲ್ಲ, ವಿವೇಕ.

ಸತ್ಯವೆಂದರೆ ನಮ್ಮ ತಿಳುವಳಿಕೆಯು ಇರುವ ವಸ್ತುವಿಗೆ ಹೊಂದಿಕೊಳ್ಳುವುದು ಎಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದರು. ವಸ್ತುವು ತಿಳುವಳಿಕೆಗೆ ಹೊಂದಿಕೊಳ್ಳಬೇಕೆಂದಲ್ಲ. ನಾನು ಮಾಡಿದ್ದು ತದ್ವಿರುದ್ಧ. ನನ್ನ ಮುಂದೆ ನಿಂತಿದ್ದ ಬಳಲಿದ ಮನುಷ್ಯನನ್ನು ಪರದೆಯ ಅಂಕಿಗೆ ಹೊಂದಿಸಿಬಿಟ್ಟೆ.

ಅಂಕಿಯ ಪ್ರಭಾವ

ಅಂಕಿ ನಮ್ಮನ್ನು ಬರಿದೇ ವರ್ಣಿಸುವುದಿಲ್ಲ, ನಮ್ಮನ್ನು ಬದಲಾಯಿಸುತ್ತದೆ ಕೂಡ. ಅಮೆರಿಕದ ಕೊಲೊರಾಡೊ ಕಾಲೇಜಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನಿಮ್ಮ ನಿದ್ರೆಯ ಗುಣಮಟ್ಟವನ್ನು ಅಳೆದಿದ್ದೇವೆಂದು ಭಾಗಿಗಳನ್ನು ನಂಬಿಸಿ ಕೆಲವರಿಗೆ ಒಳ್ಳೆಯ ಅಂಕವನ್ನೂ ಕೆಲವರಿಗೆ ಕಡಿಮೆ ಅಂಕವನ್ನೂ ಹೇಳಲಾಯಿತು. ಅವರು ನಿಜವಾಗಿ ಹೇಗೆ ನಿದ್ರಿಸಿದ್ದರೆಂಬುದಕ್ಕೂ ಆ ಅಂಕಗಳಿಗೂ ಸಂಬಂಧವಿರಲಿಲ್ಲ. ಆದರೂ ಒಳ್ಳೆಯ ಅಂಕ ಕೇಳಿದವರು ಮುಂದಿನ ಬುದ್ಧಿಪರೀಕ್ಷೆಗಳಲ್ಲಿ ಚೆನ್ನಾಗಿಯೂ ಕಡಿಮೆ ಅಂಕ ಕೇಳಿದವರು ಕುಂದಾಗಿಯೂ ಉತ್ತರಿಸಿದರು. ಹಾಯಾಗಿ ಎದ್ದವನು ಪರದೆಯಲ್ಲಿ ‘58’ ನೋಡಿ ಅಂದಿನ ದಿನವನ್ನು ಸೋತವನಂತೆ ಆರಂಭಿಸುವುದು ಬರಿಯ ಕಲ್ಪನೆಯಲ್ಲ.

2017ರಲ್ಲಿ ಷಿಕಾಗೋದ ವೈದ್ಯಕೀಯ ತಜ್ಞರು ಇದಕ್ಕೊಂದು ಹೆಸರನ್ನೂ ಕೊಟ್ಟರು: ಆರ್ಥೋಸೋಮ್ನಿಯಾ, ಅಂದರೆ ಸಾಧನದ ಪ್ರಕಾರ ‘ಸರಿಯಾದ’ ನಿದ್ರೆಯನ್ನು ಸಾಧಿಸಲೇಬೇಕೆಂಬ ಹಟ. ಅವರು ವಿವರಿಸಿದ ರೋಗಿಗಳಲ್ಲೊಬ್ಬರು ಪ್ರಯೋಗಾಲಯದ ಪರೀಕ್ಷೆಗೆ ಒಳಗಾದರು. ಗಾಢನಿದ್ರೆ ಬಂದಿದೆಯೆಂದು ಮಿದುಳಿನ ದಾಖಲೆಯೇ ತೋರಿಸಿದರೂ, ಹಾಗಾದರೆ ನನ್ನ ಕೈಪಟ್ಟಿ ಬೇರೆ ಹೇಳುತ್ತಿದೆಯಲ್ಲ ಎಂಬುದೇ ಅವರ ಪ್ರಶ್ನೆಯಾಗಿತ್ತು. ನಿದ್ರೆಯ ಸ್ವಭಾವವೇ ವಿಚಿತ್ರ. ಬೆನ್ನಟ್ಟಿದರೆ ಓಡುತ್ತದೆ, ಬಿಟ್ಟುಕೊಟ್ಟರೆ ಬಳಿ ಬರುತ್ತದೆ. ಅದು ದುಡಿದು ಗಳಿಸುವ ಸಂಬಳವಲ್ಲ, ಕೈಚಾಚಿದಾಗ ದೊರೆಯುವ ದಾನ. ದಾನಕ್ಕೆ ಅಂಕ ಹಾಕತೊಡಗಿದರೆ ಕೃತಜ್ಞತೆ ಹೋಗಿ ಲೆಕ್ಕಾಚಾರ ಉಳಿಯುತ್ತದೆ.

ಇನ್ನೊಂದು ಪಕ್ಕ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಈ ಸಾಧನಗಳನ್ನು ಕಿತ್ತೆಸೆಯಿರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕತೆ ಎರಡೂ ಕಡೆಗೆ ಸಲ್ಲಬೇಕು. ನಮ್ಮ ಸ್ವಂತ ಅನುಭವವೂ ತಪ್ಪುತ್ತದೆ. ನಿದ್ರಾಹೀನತೆಯಿಂದ ನರಳುವ ಅನೇಕರು ತಾವು ನಿಜವಾಗಿ ನಿದ್ರಿಸಿದ್ದಕ್ಕಿಂತ ಕಡಿಮೆ ನಿದ್ರಿಸಿದೆವೆಂದು ಭಾವಿಸುತ್ತಾರೆ. ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಯವರು ಎಂಟು ಗಂಟೆ ಗೊರಕೆ ಹೊಡೆದೂ ಹಗಲೆಲ್ಲ ತೂಕಡಿಸುತ್ತಾರೆ. ಕಾರಣ ಅವರಿಗೇ ತಿಳಿಯದು. ಇಂಥವರಿಗೆ ಯಂತ್ರದ ಸೂಚನೆ ಉಪಕಾರಿಯಾಗಬಹುದು. 2024ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೊದಲು ಸ್ಯಾಮ್‌ಸಂಗ್, ಬಳಿಕ ಆಪಲ್ ಕಂಪನಿಯ ಗಡಿಯಾರಗಳಲ್ಲಿ ಆಪ್ನಿಯಾದ ಲಕ್ಷಣಗಳನ್ನು ಸೂಚಿಸುವ ವ್ಯವಸ್ಥೆಗೆ ಅನುಮತಿ ನೀಡಿತು. ಆದರೆ ಆಪಲ್ ಕಂಪನಿಯ ಸ್ವಂತ ಪರೀಕ್ಷೆಯಲ್ಲಿಯೇ, ಮಧ್ಯಮ ಅಥವಾ ತೀವ್ರ ಆಪ್ನಿಯಾ ಇದ್ದ ನೂರು ಮಂದಿಯಲ್ಲಿ ಗಡಿಯಾರ ಗುರುತಿಸಿದ್ದು ಸುಮಾರು 66 ಮಂದಿಯನ್ನು. ಎಚ್ಚರಿಕೆ ಬಂದರೆ ವೈದ್ಯರ ಬಳಿಗೆ ಹೋಗಬೇಕು ಎಂಬುದು ಸರಿ. ಎಚ್ಚರಿಕೆ ಬರಲಿಲ್ಲವೆಂದು ಕಾಯಿಲೆಯಿಲ್ಲವೆಂದುಕೊಳ್ಳುವುದು ಸರಿಯಲ್ಲ. ಗ್ರಾಹಕರಿಗಾಗಿ ಮಾರುವ ನಿದ್ರಾಸಾಧನಗಳು ವೈದ್ಯಕೀಯ ತಪಾಸಣೆಗೆ ಬದಲಿಯಾಗಲಾರವು ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2018ರಲ್ಲಿಯೇ ಸ್ಪಷ್ಟಪಡಿಸಿದೆ. ನಮ್ಮಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯವಿದೆ. ದೊಡ್ಡ ಆಸ್ಪತ್ರೆಗಳಲ್ಲಿ ನಿದ್ರಾಪರೀಕ್ಷೆ ಲಭ್ಯವಿದೆ.

ಹಾಗಾದರೆ ಈ ಸಾಧನ ಧರಿಸುವವರು ಏನು ಮಾಡಬೇಕು? ಒಂದು ರಾತ್ರಿಯ ಅಂಕಕ್ಕೆ ಬೆಲೆ ಕೊಡದೆ, ಮಲಗುವ ಏಳುವ ಹೊತ್ತು ತಿಂಗಳುಗಟ್ಟಲೆ ಕ್ರಮವಾಗಿದೆಯೇ ಎಂಬುದನ್ನು ಮಾತ್ರ ನೋಡುವುದು ಒಳ್ಳೆಯದು. ಅದರಲ್ಲಿ ಯಂತ್ರ ತಕ್ಕಮಟ್ಟಿಗೆ ನಂಬಿಗಸ್ತ. ಗಾಢನಿದ್ರೆ ಇಷ್ಟು, ಕನಸಿನ ನಿದ್ರೆ ಇಷ್ಟು ಎಂಬ ಬಣ್ಣಬಣ್ಣದ ಚಿತ್ರಗಳನ್ನು ಊಹೆಯೆಂದೇ ತಿಳಿಯಬೇಕು. ಬೆಳಿಗ್ಗೆ ಪರದೆಯನ್ನು ನೋಡುವ ಮೊದಲು, ‘ನನಗೆ ಈಗ ಹೇಗನಿಸುತ್ತಿದೆ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ದೇಹದ ಸಾಕ್ಷ್ಯಕ್ಕೆ ಮೊದಲ ಸರದಿ, ಯಂತ್ರದ ಸಾಕ್ಷ್ಯಕ್ಕೆ ಎರಡನೆಯ ಸರದಿ. ಎರಡಕ್ಕೂ ಭೇದವಿದ್ದು ಹಗಲಿನ ಬದುಕು ಕೆಡುತ್ತಿದ್ದರೆ ಮೂರನೆಯ ಸಾಕ್ಷಿ ವೈದ್ಯರು. ಇವನ್ನು ಮಾರುವವರಿಗೂ ಒಂದು ಕರ್ತವ್ಯವುಂಟು. ‘ಇದು ವೈದ್ಯಕೀಯ ಸಾಧನವಲ್ಲ’ ಎಂಬುದನ್ನು ಇರುವೆಯ ಗಾತ್ರದ ಅಕ್ಷರಗಳಲ್ಲಿ ಅಡಗಿಸಿ, ಅಂಕವನ್ನು ಹೆಬ್ಬೆರಳ ಗಾತ್ರದಲ್ಲಿ ತೋರಿಸುವುದು ಸುಳ್ಳಲ್ಲದಿದ್ದರೂ ಸತ್ಯವಂತಿಕೆಯಲ್ಲ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತು ಕುಟುಂಬಗಳಿಗೆ ಸಂಬಂಧಿಸಿದ್ದು. ದೂರದಲ್ಲಿರುವ ಮಕ್ಕಳು ಹೆತ್ತವರಿಗೆ ಇಂಥ ಸಾಧನ ಕೊಡಿಸುವುದು ಪ್ರೀತಿಯಿಂದಲೇ. ಮೇಷ್ಟ್ರ ಮಗನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಅಂಕಿ ಕೈಗೆ ಸಿಕ್ಕಿದ್ದರಿಂದ ಪ್ರಶ್ನೆ ಕೈಬಿಟ್ಟುಹೋಯಿತು. ‘ನಿದ್ದೆ ಬಂತೇ?’ ಎಂಬ ಪ್ರಶ್ನೆ ಬರಿಯ ಮಾಹಿತಿಯನ್ನು ಬೇಡುವುದಿಲ್ಲ. ‘ನಿಮ್ಮ ರಾತ್ರಿಯ ಭಾರ ನನಗೂ ಸೇರಿದ್ದು’ ಎಂದು ಅದು ಹೇಳುತ್ತದೆ. ಆ ಪ್ರಶ್ನೆ ಕೇಳಿದಾಗಲೇ ಬಾಯಿ ತೆರೆಯುವ ದುಃಖಗಳುಂಟು. ಉತ್ತರ ಮೊದಲೇ ತಿಳಿದಿದೆಯೆಂದುಕೊಂಡವನ ಮುಂದೆ ಅವು ಮೌನವಾಗಿಬಿಡುತ್ತವೆ. ಮಗನ ನೆಮ್ಮದಿಯನ್ನು ಕದಡಬಾರದೆಂದು ಮೇಷ್ಟ್ರು ಮೌನವಾಗಿದ್ದರು. ಧೈರ್ಯ ಮಾಡಿ ನನ್ನೆದುರು ಬಾಯಿ ತೆರೆದಾಗ ಅದನ್ನು ಮುಚ್ಚಿಸಿದವನು ನಾನು.

ಮೇಷ್ಟ್ರು ಆಸ್ಪತ್ರೆಯಿಂದ ಮರಳಿದ ಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ಗಡಿಯಾರ ಹೇಳಿದ್ದನ್ನು ನಾನೇ ಅರ್ಧ ನಂಬಿಬಿಟ್ಟಿದ್ದೆ ಫಾದರ್, ನಿಮ್ಮದೇನು ತಪ್ಪು?’ ಎಂದು ಅವರು ನಕ್ಕರು. ಈಗ ನೆರೆಯ ಊರಿನಲ್ಲಿರುವ ಮಗಳು ವಾರದಲ್ಲಿ ಮೂರು ರಾತ್ರಿ ಬಂದು ತಾಯಿಯ ಬಳಿ ಮಲಗುತ್ತಾಳೆ. ಧರ್ಮಕೇಂದ್ರದ ಇಬ್ಬರು ಮಹಿಳೆಯರು ಸರದಿಯಂತೆ ಎರಡು ರಾತ್ರಿ ನೆರವಾಗುತ್ತಾರೆ. ಆ ರಾತ್ರಿಗಳಲ್ಲಿ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಗಡಿಯಾರ ಇನ್ನೂ ಅವರ ಕೈಯಲ್ಲಿದೆ, ಹೊತ್ತು ನೋಡಲು. ಮಗ ಈಗ ವಾರಕ್ಕೊಮ್ಮೆಯಲ್ಲ, ಒಂದು ದಿನ ಬಿಟ್ಟು ಒಂದು ದಿನ ಫೋನು ಮಾಡುತ್ತಾನೆ. ಅವನ ಮೊದಲ ಮಾತು, ‘ಅಪ್ಪ, ರಾತ್ರಿ ನಿದ್ದೆ ಬಂತಾ?’

ಪ್ರಿಯ ವಾಚಕರೇ, ಇಂದು ರಾತ್ರಿ ನಿಮ್ಮ ಮನೆಯಲ್ಲಿ ಅಲುಗದೆ ಎಚ್ಚರವಾಗಿರುವವರು ಯಾರಾದರೂ ಇದ್ದಾರೆಯೇ? ನಾಳೆ ಬೆಳಿಗ್ಗೆ ಅವರನ್ನು ಕೇಳಿ ನೋಡಿ. ಉತ್ತರ ಹೇಳಲು ಅವರಿಗೆ ಬಿಡುವು ಕೊಡಿ. ನಿಮಗೆಲ್ಲರಿಗೂ ನೆಮ್ಮದಿಯ ನಿದ್ದೆಯನ್ನು ಹಾರೈಸುತ್ತೇನೆ.